ಕೊನೆಯ ಬಸ್ಸಿನಿಂದ ಹಿಂದಕ್ಕೆ ಎಣಿಸಬೇಕಾದ ದಿನ

ಸ್ಕಾಟ್ಲೆಂಡಿನ ಆಗ್ನೇಯ ಕರಾವಳಿಯಲ್ಲಿ, ಇಂಗ್ಲೆಂಡಿನ ಗಡಿಗೆ ಸಮೀಪವಾಗಿ, ಸೇಂಟ್ ಆಬ್ಸ್ ಎಂಬ ಪುಟ್ಟ ಮೀನುಗಾರರ ಗ್ರಾಮವಿದೆ. ಬಂಡೆಗಳ ನಡುವೆ ಒಂದು ಸಣ್ಣ ಬಂದರು, ಅದರ ಮೇಲೆ ದಿಬ್ಬದಲ್ಲಿ ಸಾಲುಮನೆಗಳು, ಉತ್ತರಕ್ಕೆ ಸಹಸ್ರಾರು ಕಡಲಹಕ್ಕಿಗಳು ಮರಿಮಾಡುವ ಕಡಿದಾದ ಭೂಶಿರ. 1984ರಲ್ಲಿ ಇಲ್ಲಿನ ಕಡಲು ಸ್ವಯಂಪ್ರೇರಿತ ಸಾಗರ ಸಂರಕ್ಷಿತ ಪ್ರದೇಶವಾಯಿತು. ದಂಡದ ಭಯದಿಂದಲ್ಲದೆ, ಕಡಲನ್ನು ಬಳಸುವವರೇ ಒಪ್ಪಿ ನಡೆದುಕೊಳ್ಳುವ ನಿಯಮಗಳ ಮೇಲೆ ನಿಂತ ವ್ಯವಸ್ಥೆಯಿದು.

ಇಂತಹ ಊರನ್ನು ಕಾಣಲು ಕಾರಿನ ಹೊಗೆಯುಗುಳುತ್ತ ಹೋಗುವುದು ವಿಪರ್ಯಾಸವೇ ಸರಿ. ಹಾಗಾದರೆ ಎಡಿನ್‌ಬರೊ ನಗರದಿಂದ ರೈಲು, ಬಸ್ಸುಗಳಲ್ಲೇ ಹೋಗಿ ಅದೇ ದಿನ ಮರಳಬಹುದೆ? ಮರಳಬಹುದು. ಆದರೆ ಯೋಜನೆಯನ್ನು ಸಂಜೆಯಿಂದ ಆರಂಭಿಸಬೇಕು. ಮೊದಲು ಗ್ರಾಮದಿಂದ ಹೊರಡುವ ಕೊನೆಯ ಬಸ್ಸನ್ನು ಗುರುತಿಸಿ, ಅದಕ್ಕೆ ಸಿಗುವ ರೈಲನ್ನು ನೋಡಿ, ಆಮೇಲೆ ಬೆಳಗಿನ ಪ್ರಯಾಣವನ್ನು ನಿಶ್ಚಯಿಸಬೇಕು. ಕೊನೆಯ ಬಸ್ಸು ತಪ್ಪಿದರೆ ಏನಾಗುವುದೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಗ್ರಾಮಕ್ಕೆ ಅತಿ ಸಮೀಪದ ನಿಲ್ದಾಣ ರೆಸ್ಟನ್. ಅಲ್ಲಿಂದ ಸೇಂಟ್ ಆಬ್ಸ್ ಎಂಟು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಈ ನಿಲ್ದಾಣದ ಕಥೆ ಕೇಳುವಂಥದ್ದು. ಲಾಭವಿಲ್ಲದ ಹಳಿಗಳನ್ನೂ ನಿಲ್ದಾಣಗಳನ್ನೂ ಮುಚ್ಚಬೇಕೆಂದು ರಿಚರ್ಡ್ ಬೀಚಿಂಗ್ ಅವರ ವರದಿ 1963ರಲ್ಲಿ ಶಿಫಾರಸು ಮಾಡಿತು. ಮರುವರ್ಷವೇ ರೆಸ್ಟನ್ ಮುಚ್ಚಿತು. ಪಕ್ಕದ ಐಮತ್ ಬಂದರಿನ ಕವಲು ಹಳಿ ಅದಕ್ಕೂ ಮೊದಲೇ, 1962ರಲ್ಲಿ, ನಿಂತುಹೋಗಿತ್ತು. ಲಂಡನ್ನಿಗೆ ಹೋಗುವ ವೇಗದ ರೈಲುಗಳು ಊರ ಬದಿಯಲ್ಲೇ ಸಾಗುತ್ತಿದ್ದವು, ನಿಲ್ಲುತ್ತಿರಲಿಲ್ಲ. ಸ್ಥಳೀಯ ನಾಗರಿಕರು ಸಂಘಟಿತರಾಗಿ ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ 2022ರ ಮೇ 23ರಂದು ನಿಲ್ದಾಣ ಪುನಃ ತೆರೆಯಿತು. ಮುಚ್ಚಲು ಒಂದು ವರದಿ ಸಾಕಾಯಿತು, ತೆರೆಯಲು 58 ವರ್ಷ ಬೇಕಾಯಿತು!

ಇಷ್ಟಾದರೂ ಅಲ್ಲಿ ನಿಲ್ಲುವ ರೈಲುಗಳು ದಿನಕ್ಕೆ ಕೆಲವೇ. ಹೊತ್ತು ಹೊಂದದಿದ್ದರೆ ಪ್ರಯಾಣಿಕರು ರೆಸ್ಟನ್ನನ್ನು ದಾಟಿ, ಗಡಿಯನ್ನೂ ದಾಟಿ, ಇಂಗ್ಲೆಂಡಿನ ಬೆರಿಕ್ ಪಟ್ಟಣದಲ್ಲಿ ಇಳಿಯಬೇಕು. ಅಲ್ಲಿಂದ ಐಮತ್, ಕೋಲ್ಡಿಂಗಮ್ ಊರುಗಳ ಮಾರ್ಗವಾಗಿ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರು ಹಿಂದಕ್ಕೆ ಬರಬೇಕು. ಮೂಗನ್ನು ತಲೆಯ ಹಿಂದಿನಿಂದ ಕೈ ತಂದು ಮುಟ್ಟಿದಂತೆ! ಭಾನುವಾರದ ವೇಳಾಪಟ್ಟಿ ಬೇರೆ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಋತುವೂ ಮುಖ್ಯ. ಗಿಲೆಮಾಟ್, ಕಿಟ್ಟಿವೇಕ್ ಹಕ್ಕಿಗಳಿಂದ ಬಂಡೆಗಳು ಕಿಕ್ಕಿರಿಯುವುದು ಮೇ, ಜೂನ್ ತಿಂಗಳುಗಳಲ್ಲಿ. ಆಗಸ್ಟ್ ಮುಗಿಯುವಷ್ಟರಲ್ಲಿ ಹೆಚ್ಚಿನವು ಕಡಲಿಗೆ ಮರಳಿರುತ್ತವೆ. ಜೂನ್ ತಿಂಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಬಸ್ಸು ಮಾತ್ರ ಬೆಳಕಿಗಾಗಿ ಕಾಯುವುದಿಲ್ಲ. ಗ್ರಾಮದಿಂದ 1862ರ ದೀಪಸ್ತಂಭದವರೆಗೆ ನಡೆದು, ಹಕ್ಕಿಗಳನ್ನು ಕಣ್ತುಂಬ ನೋಡಿ ಹಿಂದಿರುಗಲು ಎರಡೂವರೆ ಗಂಟೆಯಾದರೂ ಬೇಕು. ಮಧ್ಯಾಹ್ನ ತಲುಪುವವರಿಗೆ ಅಷ್ಟೂ ದೊರೆಯುವುದು ಕಷ್ಟ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ 60 ದಾಟಿದವರಿಗೆ 2006ರಿಂದಲೂ, 22 ತುಂಬದವರಿಗೆ 2022ರ ಜನವರಿ ಕೊನೆಯಿಂದಲೂ ಬಸ್ ಪ್ರಯಾಣ ಉಚಿತ. ಅಲ್ಲಿ ಓದಲು ಹೋದ ಕನ್ನಡದ ಎಳೆಯ ವಿದ್ಯಾರ್ಥಿಗಳಿಗೂ ಈ ಸೌಲಭ್ಯ ಒದಗೀತು. ಶ್ಲಾಘನೀಯ ಕ್ರಮವೇ. ಆದರೆ ಟಿಕೆಟ್ಟಿಗೆ ಹಣ ಬೇಡವೆಂದ ಮಾತ್ರಕ್ಕೆ ಸಂಜೆಯ ಬಸ್ಸು ಹುಟ್ಟಿಕೊಳ್ಳುವುದಿಲ್ಲ. ಜನ ಕಾರನ್ನು ಬಿಡುತ್ತಿಲ್ಲವೆಂದು ದೂರುವ ಪರಿಸರಪ್ರೇಮಿಗಳು ಒಮ್ಮೆ ಕಾರಿಲ್ಲದೆ ಈ ದಿನವನ್ನು ಹೊಂದಿಸಿ ನೋಡಬೇಕು. ಎರಡು ಮಕ್ಕಳನ್ನು ಕರೆದುಕೊಂಡು, ಮಳೆ ಬೀಳುವ ದಿನ, ತಂಗುದಾಣದಲ್ಲಿ ಒಂದು ಗಂಟೆ ನಿಲ್ಲಬೇಕಾದ ತಾಯಿ ಕಾರನ್ನು ಆರಿಸಿಕೊಂಡರೆ ತಪ್ಪು ಯಾರದು?

ರೆಸ್ಟನ್ನಿನಲ್ಲಿ ನಿಲ್ಲುವ ಪ್ರತಿಯೊಂದು ರೈಲಿಗೂ ಸೇಂಟ್ ಆಬ್ಸ್ ಕಡೆಗೊಂದು ಬಸ್ಸು ಕಾದಿರಬೇಕು, ರೈಲು ತಡವಾದರೆ ಬಸ್ಸೂ ಹತ್ತು ನಿಮಿಷ ತಡೆಯಬೇಕು. ಅದಕ್ಕೆ ಹೊಸ ಹಳಿಯೂ ಬೇಡ, ಬೆಟ್ಟ ಕಡಿಯುವುದೂ ಬೇಡ. ರೈಲಿನವರೂ ಬಸ್ಸಿನವರೂ ವೇಳಾಪಟ್ಟಿ ಮುದ್ರಿಸುವ ಮುನ್ನ ಒಂದು ಮೇಜಿನ ಸುತ್ತ ಕೂರಬೇಕು, ಕೊನೆಯ ಬಸ್ಸಿನಿಂದ ಮಾತು ಆರಂಭಿಸಬೇಕು.