ಎರಡು ಬಲಗಳ ನಡುವೆ ಮೈಸೂರು

ಬಲಿಷ್ಠವಾದ ಎರಡು ರಾಜ್ಯಗಳು ಸೆಣಸುತ್ತಿರುವಾಗ ಅವುಗಳ ನಡುವಿನ ಮಧ್ಯಮ ಪ್ರಮಾಣದ ರಾಜ್ಯವು ಹೇಗೆ ನಡೆದುಕೊಳ್ಳಬೇಕೆಂಬುದು ರಾಜನೀತಿಯ ಹಳೆಯ ಪ್ರಶ್ನೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಒಬ್ಬನೊಡನೆ ಸಂಧಿ, ಮತ್ತೊಬ್ಬನೊಡನೆ ವಿಗ್ರಹವೆಂಬ ನೀತಿಯನ್ನು ‘ದ್ವೈಧೀಭಾವ’ವೆಂದು ಕರೆದಿದೆ. ಈ ನೀತಿಯ ಬಲವನ್ನೂ ಮಿತಿಯನ್ನೂ ಅರಿಯಲು ಚೆನ್ನೈನ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಸೇಂಟ್ ಜಾರ್ಜ್ ಕೋಟೆಯ ಇಂಗ್ಲಿಷರಿಗೂ ಪುದುಚೇರಿಯ ಫ್ರೆಂಚರಿಗೂ ನಡುವೆ ಹದಿನೆಂಟನೆಯ ಶತಮಾನದ ಮೈಸೂರು ತುಳಿದ ದಾರಿಯೇ ಅದಕ್ಕೆ ನಿದರ್ಶನ.

1769ರಲ್ಲಿ ಹೈದರಾಲಿಯು ತನ್ನ ಕುದುರೆ ಸೈನ್ಯದೊಡನೆ ಮದರಾಸಿನ ಹೊರವಲಯಕ್ಕೇ ಬಂದು ನಿಂತು ಕಂಪನಿಯನ್ನು ಒಪ್ಪಂದಕ್ಕೆ ಮಣಿಸಿದನು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಾಗಬೇಕೆಂಬುದು ಅದರ ಮುಖ್ಯ ಷರತ್ತು. ಆದರೆ ಪೇಶ್ವೆ ಮಾಧವರಾಯನ ಸೈನ್ಯವು ಮೈಸೂರಿನ ಮೇಲೆರಗಿದಾಗ ಆ ನೆರವು ಬರಲಿಲ್ಲ. ಹೈದರನು ಫ್ರೆಂಚರತ್ತ ವಾಲಿದುದು ಸಹಜವೇ. ಅವನಿಗೆ ಯುದ್ಧಸಾಮಗ್ರಿ ಒದಗುತ್ತಿದ್ದ ಫ್ರೆಂಚ್ ನೆಲೆ ಮಾಹೆಯನ್ನು 1779ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡದ್ದು 1780ರ ಯುದ್ಧಕ್ಕೆ ಒಂದು ಕಾರಣವಾಯಿತು.

ಆದರೆ ಫ್ರೆಂಚರ ಸ್ನೇಹವೂ ಅವರ ಅನುಕೂಲದ ಮಿತಿಯನ್ನು ದಾಟಲಿಲ್ಲ. 1783ರಲ್ಲಿ ಯೂರೋಪಿನಲ್ಲಿ ಶಾಂತಿ ಏರ್ಪಟ್ಟ ಸುದ್ದಿ ತಲುಪಿದೊಡನೆ, ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನೊಡನಿದ್ದ ಫ್ರೆಂಚ್ ಪಡೆ ಹಿಂದೆ ಸರಿಯಿತು. 1788ರಲ್ಲಿ ಪ್ಯಾರಿಸಿಗೆ ಹೋದ ಟಿಪ್ಪುವಿನ ರಾಯಭಾರಿಗಳಿಗೆ ಹದಿನಾರನೆಯ ಲೂಯಿಯಿಂದ ಸತ್ಕಾರ ದೊರೆಯಿತು. ಸೈನ್ಯದ ನೆರವು ದೊರೆಯಲಿಲ್ಲ. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಕಳುಹಿಸಬೇಕಾಯಿತು. 1799ರಲ್ಲಿ ಶ್ರೀರಂಗಪಟ್ಟಣವೇ ಬಿದ್ದಿತು.

ಹಾಗಾದರೆ ಮೈಸೂರು ಮೊದಲೇ ಇಂಗ್ಲಿಷರ ಆಶ್ರಯವನ್ನು ಸೇರಬೇಕಾಗಿತ್ತೆ? ಹೈದರಾಬಾದಿನ ನಿಜಾಮನು 1798ರಲ್ಲಿ ಹಾಗೆಯೇ ಮಾಡಿದನು. ಸಿಂಹಾಸನ ಉಳಿಯಿತು, ಸ್ವಾತಂತ್ರ್ಯ ಉಳಿಯಲಿಲ್ಲ. ಆದುದರಿಂದ ಎರಡು ಬಲಗಳನ್ನು ತೂಗಿ ನಡೆದದ್ದು ಮೈಸೂರಿನ ತಪ್ಪಲ್ಲವೆಂದೇ ನನ್ನ ಅಭಿಪ್ರಾಯ. ಕೊರತೆ ಇದ್ದದ್ದು ನೆರೆಹೊರೆಯಲ್ಲಿ. ಮರಾಠರೊಡನೆ 1787ರಲ್ಲಿ ಗಜೇಂದ್ರಗಡದ ಒಪ್ಪಂದವಾಗಿದ್ದರೂ ಪರಸ್ಪರ ವಿಶ್ವಾಸ ಬೆಳೆಯಲಿಲ್ಲ. 1790ರಲ್ಲಿ ಮರಾಠರೂ ನಿಜಾಮನೂ ಇಂಗ್ಲಿಷರ ಪಕ್ಷ ಸೇರಿದರು. ಈ ಹೊಣೆ ಮೈಸೂರಿನದಷ್ಟೇ ಅಲ್ಲ, ಮೂವರದೂ ಹೌದು. ಅದರ ಫಲವನ್ನು ಮೂವರೂ ಒಬ್ಬರಾದ ಮೇಲೊಬ್ಬರಂತೆ ಉಂಡರು.

ಸ್ವತಂತ್ರ ಭಾರತವು 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲಿ ಅಲಿಪ್ತ ನೀತಿಯ ಮುಂಚೂಣಿಯಲ್ಲಿತ್ತು. 1971ರಲ್ಲಿ ಸೋವಿಯತ್ ಒಕ್ಕೂಟದೊಡನೆ ಮೈತ್ರಿ ಒಪ್ಪಂದ ಮಾಡಿಕೊಂಡಿತು. ಇಂದು ಅಮೆರಿಕದೊಡನೆಯೂ ರಷ್ಯದೊಡನೆಯೂ ಸಂಬಂಧವನ್ನು ಉಳಿಸಿಕೊಂಡಿದೆ. ಈ ಜಾಣ್ಮೆ ಅವಶ್ಯಕವೇ ಸರಿ, ಆದರೆ ಸಾಲದು. ದೊಡ್ಡವರ ಜಗಳ ನಮ್ಮನ್ನು ಕೇಳಿ ಆರಂಭವಾಗುವುದಿಲ್ಲ. ಅವರ ರಾಜಿಯೂ ನಮ್ಮನ್ನು ಕೇಳಿ ಆಗುವುದಿಲ್ಲ. ಅಂಥ ದಿನ ಒದಗಿದಾಗ ಆಸರೆಯಾಗಬಲ್ಲವು ಎರಡೇ: ಸ್ವಂತ ಬಲ ಮತ್ತು ನೆರೆಯವರ ವಿಶ್ವಾಸ. ಮಾಸ್ಕೊ, ವಾಷಿಂಗ್ಟನ್‌ಗಳಲ್ಲಿ ದೊರೆಯುವ ಮನ್ನಣೆಗಿಂತ ಕೊಲಂಬೊ, ಢಾಕಾ, ಕಠ್ಮಂಡುಗಳಲ್ಲಿ ಗಳಿಸುವ ನಂಬಿಕೆ ಕಡಿಮೆ ಬೆಲೆಯದೆಂದು ಭಾವಿಸುವವರು ಮೈಸೂರಿನ ಇತಿಹಾಸವನ್ನು ಮತ್ತೊಮ್ಮೆ ಓದುವುದು ಒಳಿತು.