ತಡವಾಗಿ ತಲುಪಿದ ಪತ್ರ



ಕಿರುತೆರೆಯ ಧಾರಾವಾಹಿಗಳ ಮಾತು ಬಂದಾಗಲೆಲ್ಲ ನಮ್ಮ ಮನಸ್ಸು ಹಿಂದಕ್ಕೆ ಸರಿದು 'ಮಾಲ್ಗುಡಿ ಡೇಸ್' ಮಾಲಿಕೆಯ ಮುಂದೆ ನಿಂತುಬಿಡುತ್ತದೆ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ಅವರು ನಿರ್ದೇಶಿಸಿದ ಈ ಮಾಲಿಕೆ ೧೯೮೬ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿತು. ಹಿಂದಿ ಬಾರದ ನಮ್ಮ ಹಿರಿಯರಿಗೂ ಅದು ಪರಭಾಷೆಯದೆನಿಸಲಿಲ್ಲ. ಆಗುಂಬೆಯ ಬೀದಿ, ಅಲ್ಲಿನ ದೊಡ್ಡಮನೆಯ ಕಂಬಗಳು, ಅರಸಾಳು ರೈಲು ನಿಲ್ದಾಣ ಇವೆಲ್ಲ ನಮ್ಮ ನೆಲದವೇ ಆಗಿದ್ದವು. ಆ ನಿಲ್ದಾಣದ ಹಳೆಯ ಕಟ್ಟಡವು ೨೦೨೦ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಹೊಸ ಜೀವ ಪಡೆದುದು ಸಂತೋಷದ ಸಂಗತಿ.

ಆ ಮಾಲಿಕೆಯ ಕೆಲವು ಪ್ರಸಂಗಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಧೈರ್ಯ ಕಲಿಯಲೆಂದು ತಂದೆಯ ಕೋಣೆಯಲ್ಲಿ ಒಬ್ಬಂಟಿಯಾಗಿ ಮಲಗಬೇಕಾಗಿ ಬಂದ ಬಾಲಕ ಸ್ವಾಮಿ, ಕತ್ತಲೆಯಲ್ಲಿ ಭೂತವೆಂದು ಹೆದರಿ ಕಚ್ಚಿದ್ದು ಕಳ್ಳನ ಕಾಲನ್ನು. ಊರೆಲ್ಲ ಹೊಗಳಿದರೂ ಹುಡುಗನಿಗೆ ಬೇಕಾದದ್ದು ಅಜ್ಜಿಯ ಮಗ್ಗುಲು ಮಾತ್ರ! ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟ ಗುಮಾಸ್ತ ವೆಂಕಟರಾವ್, ಐದು ರೂಪಾಯಿಯ ಬಡ್ತಿಗೆ ಮಣಿದು ತಡವಾಗಿ ಮನೆಗೆ ಬಂದಾಗ, ಸಿಂಗರಿಸಿಕೊಂಡಿದ್ದ ಮಗು ಹಾಗೆಯೇ ನಿದ್ರಿಸಿತ್ತು. ತಂದೆಯಾದವರು ಮರೆಯಲಾಗದ ಪ್ರಸಂಗವಿದು.

ಆದರೆ ನಮ್ಮನ್ನು ಬಹುಕಾಲ ಕಾಡಿದ್ದು ಅಂಚೆಯವನಾದ ತಾನಪ್ಪನ ಕಥೆ. ಮನೆಮನೆಯ ಸುಖದುಃಖಗಳಲ್ಲಿ ಪಾಲ್ಗೊಳ್ಳುವ ಈ ಮನುಷ್ಯ, ರಾಮಾನುಜಂ ಎಂಬವರ ಮಗಳಿಗೆ ವರನ ಸುಳಿವನ್ನೂ ತಂದುಕೊಡುತ್ತಾನೆ. ವಿವಾಹದ ದಿನ ನಿಶ್ಚಯವಾಗುತ್ತದೆ. ಆ ದಿನ ತಪ್ಪಿದರೆ ಕಾರ್ಯ ಬಹುಕಾಲ ಮುಂದಕ್ಕೆ ಹೋಗುವುದು. ಅಷ್ಟರಲ್ಲಿ ಆಪ್ತ ಬಂಧುವೊಬ್ಬರ ಕಾಯಿಲೆ ಉಲ್ಬಣಿಸಿದೆ ಎಂಬ ಕಾರ್ಡು, ಅದರ ಹಿಂದೆಯೇ ಮರಣದ ತಂತಿ ಬರುತ್ತವೆ. ತಾನಪ್ಪ ಎರಡನ್ನೂ ತಡೆಹಿಡಿದು, ವಿವಾಹ ಮುಗಿದ ಮೇಲೆ ತಂದೊಪ್ಪಿಸಿ, ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ಆದರೆ ಹೀಗೆ ಮಾಡಬಾರದಿತ್ತೆಂಬ ನೋವು ಅವರಲ್ಲಿ ಉಳಿಯುತ್ತದೆ.

ಅಂದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಒಂದು ಹೆಣ್ಣುಮಗಳ ಬಾಳು ನಿಂತಿತಲ್ಲ, ಅಂವ ಮಾಡಿದ್ದು ಪುಣ್ಯದ ಕೆಲಸ" ಎಂದರು ನಮ್ಮ ಅಜ್ಜಿಯವರು. "ಪತ್ರ ಅವನದಲ್ಲ ಅವ್ವಾ, ಮುಟ್ಟಿಸುವುದಷ್ಟೇ ಅವನ ಕಾಯಕ" ಎಂದರು ತಂದೆಯವರು. ನಾವು ಅಜ್ಜಿಯವರ ಪಕ್ಷ ವಹಿಸಿದೆವು.

ಕೆಲವು ವರ್ಷಗಳ ಬಳಿಕ ನಮ್ಮ ಮನೆಯಲ್ಲೇ ಲಗ್ನದ ಹಂದರ ಏರಿತು. ಅಕ್ಷತೆಯ ಹಿಂದಿನ ದಿನ ಅಜ್ಜಿಯವರ ತಂಗಿ ಲಿಂಗೈಕ್ಯರಾದ ಸುದ್ದಿ ದೂರವಾಣಿಯಲ್ಲಿ ಬಂದಿತು. ನಾವೆಲ್ಲ ಸೇರಿ ಅದನ್ನು ಮುಚ್ಚಿಟ್ಟೆವು. ಮೂರನೆಯ ದಿನ ತಿಳಿಸಿದಾಗ ಅಜ್ಜಿಯವರು ಅಳಲಿಲ್ಲ, ಬೈಯಲೂ ಇಲ್ಲ. "ಮಣ್ಣಿಗೆ ಹೋಗಾಕೂ ಬಿಡಲಿಲ್ಲಲ್ಲೋ" ಎಂದಷ್ಟೇ ಹೇಳಿ ವಿಭೂತಿ ಧರಿಸಿ ಪೂಜೆಗೆ ಕುಳಿತರು. ತಾನಪ್ಪನನ್ನು ಹೊಗಳಿದ್ದ ಅವರನ್ನು ನಾವೇ ರಾಮಾನುಜಂ ಅವರ ಸ್ಥಾನದಲ್ಲಿ ನಿಲ್ಲಿಸಿದ್ದೆವು.

ಅಂದಿನಿಂದ ನಮಗೆ ಆ ಕಥೆಯ ಪ್ರಶ್ನೆಯೇ ಬೇರೆಯಾಗಿ ತೋರುತ್ತಿದೆ. ತಾನಪ್ಪ ಮಾಡಿದ್ದು ಸರಿಯೋ ತಪ್ಪೋ ಎಂಬುದಕ್ಕಿಂತ, ಅವನನ್ನು ಅಂಥ ಇಕ್ಕಟ್ಟಿಗೆ ತಳ್ಳಿದ್ದು ಯಾವುದು ಎಂದು ಕೇಳಬೇಕು. ವರನ ಕಡೆಯ ಅನುಕೂಲದ ಮಾತಿರಲಿ, ಮುಹೂರ್ತ ತಪ್ಪೀತೆಂಬ ಭಯ ಮತ್ತು ಸಾವಿನ ಸುದ್ದಿ ಶುಭಕಾರ್ಯಕ್ಕೆ ಅಡ್ಡಿಯೆಂಬ ನಂಬಿಕೆ, ಇವೇ ಅಲ್ಲವೆ? ಮಾಲ್ಗುಡಿಯವರಿಗೆ ಅದು ಪರಂಪರೆಯಿಂದ ಬಂದ ಕಟ್ಟಳೆ. ಆದರೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲೇ ಅಲ್ಲಗಳೆದ ಶರಣರ ಮಕ್ಕಳು ನಾವು. ಮರಣವನ್ನು ಲಿಂಗೈಕ್ಯವೆಂದು ಕರೆಯುವ ನಮಗೆ ಆ ಸುದ್ದಿ ಅಮಂಗಳವಾದುದು ಹೇಗೆ? ಲಿಂಗವಂತರಿಗೆ ಎಲ್ಲ ದಿನಗಳೂ ಒಳ್ಳೆಯವೆಂದು ಸಭೆಯಲ್ಲಿ ನುಡಿದು, ಮನೆಗೆ ಬಂದು ಪಂಚಾಂಗ ಬಿಡಿಸುವವರು ನಾವೇ ತಾನೆ!

ಅಂದು ಅಜ್ಜಿಯವರಿಗೆ ಸುದ್ದಿ ತಿಳಿಸಿ, ತಂಗಿಯ ಮುಖ ನೋಡಿ ಬರಲು ಬಿಟ್ಟಿದ್ದರೆ ಲಗ್ನವೇನೂ ಕೆಡುತ್ತಿರಲಿಲ್ಲ. ಒಂದು ದಿನ ತಡವಾಗಿ ಅಕ್ಷತೆ ಬಿದ್ದಿದ್ದರೂ ವಧೂವರರಿಗೆ ಆಶೀರ್ವಾದ ಕಡಿಮೆಯಾಗುತ್ತಿರಲಿಲ್ಲ.

ಶಂಕರ್‌ನಾಗ್ ಅವರು ೧೯೯೦ರ ಸೆಪ್ಟೆಂಬರ್ ೩೦ರಂದು ಅಪಘಾತದಲ್ಲಿ ಅಗಲಿದರು. ಅವರ ಮಾಲಿಕೆಯನ್ನು ಇಂದು ಮಕ್ಕಳು ಕೈಯಲ್ಲಿನ ಫೋನಿನಲ್ಲೇ ನೋಡಬಹುದು. ತಾನಪ್ಪನ ಕಂತನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿರಿ. ಮುಗಿದ ಮೇಲೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿರಿ: "ನಮ್ಮ ಮನೆಯಲ್ಲಿ ಹೀಗಾದರೆ, ನಿಮಗೆ ಹೇಳಬೇಕೋ ಬೇಡವೋ?" ಅವರ ಉತ್ತರವನ್ನು ಕೇಳಿ, ಅದರಂತೆ ನಡೆದರೆ ಅದೇ ದೊಡ್ಡ ಸೇವೆ.