ಹೊಲದ ಎಣ್ಣೆ ಮನೆ ಹೊಸ್ತಿಲು ದಾಟಬಾರದು



ಹೊಲದ ಹುಳದ ವಿಷಯದಲ್ಲಿ ಈಗಿನ ಹುಡುಗರು ಬಹಳ ಚುರುಕು. ಮೆಕ್ಕೆಜೋಳದ ಸುಳಿಯಲ್ಲಿ ತೂತು ಕಂಡ್ರೆ ಸಾಕು, ಫೋಟೋ ತೆಗೆದು ಇದು ಸೈನಿಕ ಹುಳುನಾ, ಕಾಂಡಕೊರಕನಾ ಅಂತ ಕೇಳ್ತೀರಿ. ಯಾವ ಔಷಧಿ, ಲೀಟರಿಗೆ ಎಷ್ಟು ಮಿಲಿ, ಯಾವ ಹೊತ್ತಲ್ಲಿ ಹೊಡೀಬೇಕು ಅಂತ ವಿಚಾರಿಸ್ತೀರಿ. ಅದೇ ಮನೆಯೊಳಗೆ ಜಿರಳೆ ಜಾಸ್ತಿ ಆದ್ರೆ? ಹಾಸಿಗೇಲಿ ತಿಗಣೆ ಕಡಿದ್ರೆ? ಆಗ ಗುರುತು ಹಿಡಿಯೋದೂ ಇಲ್ಲ, ಪ್ರಮಾಣ ಕೇಳೋದೂ ಇಲ್ಲ. ಮೂಲೇಲಿ ಉಳಿದಿರೋ ಬಾಟಲಿ ಎತ್ಕೊಂಡು, ಮುಚ್ಚಳದಲ್ಲಿ ಅಂದಾಜು ಸುರಿದು ಹೊಡೆದುಬಿಡೋದು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಬೆಳೆಗೆ ಅಂತ ತಂದ ಎಣ್ಣೆಯ ಒಂದು ಹನಿಯೂ ಮನೆಯೊಳಗೆ ಬಳಕೆ ಆಗಬಾರದು. "ಸ್ವಲ್ಪ ಹಾಕಿದ್ರೆ ಏನಾಗಲ್ಲ" ಅನ್ನೋ ಮಾತಿಗೂ ಜಾಗ ಕೊಡಬಾರದು. ಯಾಕೆ ಅಂತ ಹೇಳ್ತೀನಿ, ಅದರ ಬದಲು ಏನು ಮಾಡಬಹುದು ಅನ್ನೋದನ್ನೂ ಹೇಳ್ತೀನಿ.

ವಿಷಕ್ಕೆ ನಾವಿಟ್ಟ ಹೆಸರು ಎಣ್ಣೆ

ನಮ್ಮ ಮಾತನ್ನೇ ಒಮ್ಮೆ ಗಮನಿಸಿ. "ಎಣ್ಣೆ ಹೊಡಿಯಕ್ಕೆ ಹೋಗಿದ್ದೆ", "ಔಷಧಿ ತರಬೇಕು" ಅಂತೀವಿ. ವಿಷ ಅನ್ನೋ ಪದ ಬಾಯಿಗೇ ಬರಲ್ಲ. ಹೆಸರು ಎಣ್ಣೆ ಅಂತಾದ ಮೇಲೆ ಅದು ಅಡುಗೆಮನೆ ಪಕ್ಕದ ಗೂಡಲ್ಲಿ ಕೂತ್ರೂ ಯಾರಿಗೂ ಭಯ ಆಗಲ್ಲ.

ಇದರ ಬೆಲೆ ಏನು ಅಂತ ಬಿಹಾರದ ಸಾರಣ್ ಜಿಲ್ಲೆ ತೋರಿಸಿದೆ. 2013ರ ಜುಲೈ 16ರಂದು ಅಲ್ಲಿನ ಒಂದು ಹಳ್ಳಿಯ ಸರ್ಕಾರಿ ಶಾಲೇಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತುಹೋದ್ರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಯ್ತು. ಅದು ನಮ್ಮಲ್ಲೂ ಹತ್ತಿ ಹೊಲಕ್ಕೆ ಹೊಡೆದು ಅಭ್ಯಾಸ ಇರೋ ಔಷಧಿಯೇ. ಹೊಲದ ವಿಷ ಮತ್ತು ಊಟದ ಸಾಮಾನು ಒಂದೇ ಸೂರಿನಡಿ ಇದ್ರೆ ಯಾವತ್ತೋ ಒಂದು ದಿನ ಒಂದಕ್ಕೊಂದು ತಾಗುತ್ತೆ.

ಅದೇ ಔಷಧಿ ಅಲ್ವಾ ಅಂತ ಕೇಳ್ತೀರಿ

ಇದು ಓದಿದ ಹುಡುಗರೇ ಕೇಳೋ ಪ್ರಶ್ನೆ. "ಜಿರಳೆ ಜೆಲ್ ಮೇಲೆ ಫಿಪ್ರೋನಿಲ್ ಅಂತ ಬರೆದಿದೆ, ನಮ್ಮ ಹತ್ರ ಇರೋದೂ ಫಿಪ್ರೋನಿಲ್ಲೇ. ಮತ್ತೆ ದುಡ್ಡು ಯಾಕೆ ಕೊಡಬೇಕು?"

ಹೆಸರಿನ ಪಕ್ಕದ ಅಂಕಿ ನೋಡಿ. ಮನೆಬಳಕೆಯ ಜೆಲ್‌ನಲ್ಲಿ ಫಿಪ್ರೋನಿಲ್ ಇರೋದು ಶೇ. 0.05. ಹೊಲಕ್ಕೆ ಹೊಡೆಯೋ ಎಸ್‌ಸಿಯಲ್ಲಿ ಶೇ. 5, ಅಂದ್ರೆ ನೂರು ಪಟ್ಟು. ಇಮಿಡಾಕ್ಲೋಪ್ರಿಡ್ ಜೆಲ್ ಶೇ. 2.15, ಹೊಲದ್ದು ಶೇ. 17.8. ಜೆಲ್ ಅನ್ನು ಚುಕ್ಕಿ ಇಟ್ಟಂತೆ ಸಂದಿಯೊಳಗೆ ಇಡ್ತೀವಿ, ಜಿರಳೆ ಹುಡುಕಿಕೊಂಡು ಬಂದು ತಿನ್ನುತ್ತೆ. ಹೊಲದ ಔಷಧಿಯನ್ನು ಗೋಡೆಗೆ ಹೊಡೆದ್ರೆ ಅದು ಗಾಳಿಗೆ, ಪಾತ್ರೆಗೆ, ನೆಲದಲ್ಲಿ ಅಂಬೆಗಾಲಿಡೋ ಮಗುವಿನ ಕೈಗೆ ಹೋಗುತ್ತೆ.

ಇನ್ನೊಂದು ವಿಷಯ. ಹೊಲದಲ್ಲಿ ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಸೇರಿ ಔಷಧಿಯನ್ನು ನಿಧಾನಕ್ಕೆ ಒಡೆದುಹಾಕ್ತವೆ. ಮಲಗೋ ಕೋಣೆಯ ಮೂಲೆಗೆ ಬಿಸಿಲೂ ಬೀಳಲ್ಲ, ಮಳೆಯೂ ಬರಲ್ಲ. ಅಲ್ಲಿ ಹೊಡೆದದ್ದು ಬಹಳ ದಿನ ಹಾಗೇ ಕೂತಿರುತ್ತೆ.

ಹಳೇ ಬಾಟಲಿಗಳ ಕಥೆ ಇನ್ನೂ ಕೆಟ್ಟದ್ದು. ತಿಗಣೆಗೆ, ನೊಣಕ್ಕೆ ಅಂತ ಹಳ್ಳಿಗಳಲ್ಲಿ ಬಳಸ್ತಿದ್ದ ಡೈಕ್ಲೋರ್ವಾಸ್, ಇರುವೆ-ಹಾವು ಬರದಿರಲಿ ಅಂತ ಮನೆ ಸುತ್ತ ಚೆಲ್ಲುತ್ತಿದ್ದ ಫೋರೇಟ್ ಹರಳು, ಇವೆರಡನ್ನೂ ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಅಟ್ಟದ ಮೇಲೆ ಇನ್ನೂ ಇದ್ರೆ ಅದು ಬಳಸೋ ಸಾಮಾನಲ್ಲ ಅಂತ ತಿಳೀರಿ.

ಕಾಳಿಗೆ ಹಾಕೋ ಮಾತ್ರೆ

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದು. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿದ ಕೂಡಲೇ ಫಾಸ್ಫೀನ್ ಅನ್ನೋ ಅನಿಲ ಬಿಡುತ್ತೆ. ಹುಳ ಸಾಯೋದು ಆ ಅನಿಲದಿಂದ, ಮನುಷ್ಯ ಸಾಯೋದೂ ಅದರಿಂದಲೇ. ಬಾಗಿಲ ಸಂದಿ, ಗೋಡೆಯ ಬಿರುಕು, ಹಂಚಿನ ಎಡೆ ಎಲ್ಲದರಿಂದ ಪಕ್ಕದ ಕೋಣೆಗೆ ಹರಿಯುತ್ತೆ. ಬೆಳ್ಳುಳ್ಳಿ ಥರ, ಕೊಳೆತ ಮೀನಿನ ಥರ ವಾಸನೆ ಬರಬಹುದು, ಆದ್ರೆ ವಾಸನೆ ಇಲ್ಲ ಅಂದ್ರೆ ಅನಿಲ ಇಲ್ಲ ಅಂತ ಅರ್ಥ ಅಲ್ಲ. ಇದಕ್ಕೆ ಪ್ರತಿವಿಷ ಇಲ್ಲ. ವೈದ್ಯರು ಉಸಿರಾಟ, ಹೃದಯಕ್ಕೆ ಆಸರೆ ಕೊಟ್ಟು ಕಾಯಬಹುದು ಅಷ್ಟೇ.

ಅದಕ್ಕೇ ಕಾನೂನಿನಲ್ಲಿ ಇದನ್ನು ಸಾಮಾನ್ಯ ಜನಕ್ಕೆ ಮಾರೋ ಹಾಗೇ ಇಲ್ಲ. ಸರ್ಕಾರಿ ಗೋದಾಮುಗಳು, ಪರವಾನಗಿ ಇರೋ ಕೀಟ ನಿಯಂತ್ರಕರು ತಜ್ಞರ ಮೇಲ್ವಿಚಾರಣೆಯಲ್ಲಿ ಬಳಸಬೇಕಾದ ವಸ್ತು ಇದು. ಆದ್ರೂ ಸಂತೆ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಹೆಚ್ಚಿನ ಮನೆಗಳಲ್ಲಿ ಕಾಳಿನ ಚೀಲ ಇರೋದು, ಅಜ್ಜ-ಅಜ್ಜಿ, ಮಕ್ಕಳು ಮಲಗೋದು ಒಂದೇ ಕಡೆ. ಅಲ್ಲಿ ಈ ಮಾತ್ರೆಗೆ ಜಾಗವೇ ಇಲ್ಲ.

ಹಾಗಾದ್ರೆ ಏನು ಮಾಡೋದು? ಮೊದಲು ಗುರುತು ಹಿಡೀರಿ

ಮನೆಯ ಹುಳಕ್ಕೆ ಅರ್ಧ ಪರಿಹಾರ ಗುರುತು ಹಿಡಿಯೋದರಲ್ಲೇ ಇದೆ.

*ಕಾಳಿನ ಹುಳ:* ಅಕ್ಕಿ, ಜೋಳ, ಗೋಧಿಯಲ್ಲಿ ಮುಂದೆ ಸೊಂಡಿಲಿರೋ ಕಂದು ಹುಳ ಇದ್ರೆ ಅದು ಇಡೀ ಕಾಳನ್ನು ಕೊರೆದು ಒಳಗೇ ಮೊಟ್ಟೆ ಇಡೋ ಜಾತಿ. ರವೆ, ಹಿಟ್ಟಿನಲ್ಲಿ ಓಡಾಡೋ ಚಪ್ಪಟೆ ಕೆಂಪು ಹುಳ ಬೇರೆ, ಅದಕ್ಕೆ ಪುಡಿ, ನುಚ್ಚು ಬೇಕು. ಹೆಸರು, ಅಲಸಂದೆ, ತೊಗರಿ, ಕಡಲೆ ಮೇಲೆ ಬಿಳಿ ಚುಕ್ಕಿ ಅಂಟಿದ್ದು, ದುಂಡಗೆ ತೂತಾಗಿದ್ರೆ ಅದು ದ್ವಿದಳ ಕಾಳಿನ ದುಂಬಿ. ಇದು ಬಹಳ ಸಲ ಹೊಲದಲ್ಲೇ ಕಾಳಿಗೆ ಹತ್ತಿಕೊಂಡು ಮನೆಗೆ ಬರುತ್ತೆ. ಅದಕ್ಕೇ ಚೀಲ ಎಷ್ಟು ಬಿಗಿಯಾಗಿ ಕಟ್ಟಿದ್ರೂ ಎರಡು ತಿಂಗಳಿಗೆ ಹುಳ ಕಾಣೋದು.

ಮದ್ದು ಒಣಗಿಸೋದು. ಹಲ್ಲಲ್ಲಿ ಕಚ್ಚಿದ್ರೆ ಕಟಕ್ ಅಂತ ಒಡೀಬೇಕು, ನಜ್ಜಬಾರದು. ತಿನ್ನೋ ಕಾಳಿಗೆ ಕೆ.ಜಿಗೆ 5 ಮಿಲಿ ಅಡುಗೆ ಎಣ್ಣೆ ಅಥವಾ ಹರಳೆಣ್ಣೆ ಸವರಿಟ್ರೆ ದುಂಬಿಯ ಮೊಟ್ಟೆ ಬೆಳೆಯಲ್ಲ. ಬೇಳೆ ಒಡೆಸಿ ಇಟ್ರೆ ಕಾಟ ಇನ್ನೂ ಕಡಿಮೆ. ಜಾಸ್ತಿ ಕಾಳಿದ್ರೆ ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಒಳಚೀಲ ಇರೋ ಚೀಲ ತನ್ನಿ. ಒಳಗಿನ ಆಮ್ಲಜನಕ ಖಾಲಿಯಾಗಿ ಹುಳ ತಾನಾಗೇ ಸಾಯುತ್ತೆ. ಹೊಸ ತಂತ್ರಜ್ಞಾನ ಅನ್ನಿಸಿದ್ರೆ ಮನೆಯ ಹಿರಿಯರನ್ನು ಹಗೇವು ಬಗ್ಗೆ ಕೇಳಿ. ನೆಲದೊಳಗೆ ರಾಗಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡ್ತಿದ್ದರಲ್ಲ, ಅದೂ ಇದೇ ಲೆಕ್ಕ. ಹಗೇವು ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸ್ತಿರಲಿಲ್ಲ, ಉಸಿರಾಡೋಕೆ ಗಾಳಿ ಇರಲ್ಲ ಅಂತ ಅವರಿಗೆ ಗೊತ್ತಿತ್ತು.

*ಜಿರಳೆ:* ಹೆಬ್ಬೆರಳು ಉದ್ದದ ಕೆಂಪು-ಕಂದು ಜಿರಳೆ ಚರಂಡಿ, ಬಚ್ಚಲಿಂದ ಬರುತ್ತೆ. ಅದಕ್ಕೆ ಬಚ್ಚಲ ತೂತಿಗೆ ಜಾಲರಿ ಹಾಕಿದ್ರೆ ಅರ್ಧ ಕೆಲಸ ಮುಗೀತು. ಸಣ್ಣದು, ತಲೆಯ ಹಿಂದೆ ಎರಡು ಕಪ್ಪು ಗೀರು ಇರೋದು ಮನೆಯೊಳಗೇ ಸಂಸಾರ ಮಾಡೋ ಜಾತಿ. ಒಲೆ ಕಟ್ಟೆ ಸಂದಿ, ಫ್ರಿಜ್ ಹಿಂದೆ ಇರುತ್ತೆ. ಇದರ ಒಂದು ಮೊಟ್ಟೆಚೀಲದಲ್ಲಿ 30-40 ಮರಿ. ಸ್ಪ್ರೇ ಆ ಚೀಲದೊಳಗೆ ಇಳಿಯಲ್ಲ, ಅದಕ್ಕೇ "ಹೊಡೆದು ತಿಂಗಳಾಗಿಲ್ಲ, ಮತ್ತೆ ಬಂತು" ಅಂತೀರಿ. ರಾತ್ರಿ ಮುಸುರೆ ಬಿಡಬೇಡಿ, ಸಿಂಕ್ ಒಣಗಿಸಿ, ಸಂದಿಗಳಲ್ಲಿ ಜೆಲ್ ಚುಕ್ಕಿ ಇಡಿ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೀಬೇಡಿ, ಆ ವಾಸನೆಗೆ ಜಿರಳೆ ಜೆಲ್ ಹತ್ರವೇ ಬರಲ್ಲ.

*ತಿಗಣೆ:* ಹಾಸಿಗೆಯ ಹೊಲಿಗೆ, ಮಂಚದ ಕೀಲುಗಳಲ್ಲಿ ಕಪ್ಪು ಚುಕ್ಕಿ ಸಾಲು ಕಂಡ್ರೆ ತಿಗಣೆ. ಇವು ಮೈಮೇಲೆ ವಾಸ ಮಾಡಲ್ಲ, ರಾತ್ರಿ ಬಂದು ಕಚ್ಚಿ ಸಂದಿಗೆ ಹೋಗ್ತವೆ. ಅನೇಕ ಕಡೆ ಮಾಮೂಲಿ ಸ್ಪ್ರೇಗಳಿಗೆ ಬಗ್ಗದಷ್ಟು ಗಟ್ಟಿಯಾಗಿವೆ. ಆದ್ರೆ ಬಿಸಿಗೆ ತಡೆಯಲ್ಲ. ಹೊದಿಕೆ, ದಿಂಬಿನ ಚೀಲಗಳನ್ನು ಕುದಿಯೋ ನೀರಲ್ಲಿ ನೆನೆಸಿ. ಮಂಚದ ಕೀಲು ಬಿಚ್ಚಿ ಬಿಸಿನೀರು ಸುರೀರಿ. ವಾರಕ್ಕೊಮ್ಮೆ, ಕನಿಷ್ಠ ನಾಲ್ಕು ಸಲ ಮಾಡಿ. ಯಾವ ವಿಷ ಹೊಡೆದ ಹಾಸಿಗೆ ಮೇಲೂ ಮಕ್ಕಳನ್ನು ಮಲಗಿಸಬೇಡಿ. ತಲೆಯ ಹೇನಿಗೆ ಹೊಲದ ಔಷಧಿ ಹಚ್ಚೋರೂ ಇದ್ದಾರೆ. ನೆತ್ತಿಯ ಚರ್ಮ ವಿಷವನ್ನು ಹೀರುತ್ತೆ, ಜೀವಕ್ಕೇ ಅಪಾಯ.

*ಗೆದ್ದಲು:* ಗೋಡೆ, ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಎದ್ದಿದ್ರೆ ಗೆದ್ದಲು. ಮರದ ಕೆಳಗೆ ಒಣ ಪುಡಿ ಬಿದ್ದು ಸಣ್ಣ ತೂತು ಕಂಡ್ರೆ ಅದು ಮರ ಕೊರೆಯೋ ಹುಳ, ಎರಡರ ಮದ್ದು ಬೇರೆ. ಮಣ್ಣಿನ ಗೆರೆಯನ್ನು ಒಂದಿಂಚು ಒಡೆದು ನಾಲ್ಕು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ರೆ ಒಳಗೆ ಜೀವ ಇದೆ ಅಂತ. ಸೌದೆ ರಾಶಿಯನ್ನು ಗೋಡೆಯಿಂದ ದೂರ ಇಡಿ, ಗೋಡೆ ಬುಡದ ತೇವ ನಿಲ್ಲಿಸಿ. ತೊಲೆಗೆ ಹತ್ತಿದ್ರೆ ಮಾತ್ರ ತಿಳಿದವರನ್ನು ಕರೆಸಿ.

*ಇಲಿ:* ಜೀರಿಗೆಯಷ್ಟು ಹಿಕ್ಕೆ ಇದ್ರೆ ಚಿಟ್ಟಿಲಿ. ಪೆನ್ಸಿಲ್ ತೂರೋ ಸಂದಿ ಸಾಕು ಅದಕ್ಕೆ. ಗೋಡೆ ಬುಡದಲ್ಲಿ ಮಣ್ಣಿನ ಗುಡ್ಡೆ ಎದ್ದಿದ್ರೆ ಹೆಗ್ಗಣ. ಉದ್ದ ಮೂತಿಯ, ಕೀಚು ಕೀಚು ಅನ್ನುತ್ತಾ ಗೋಡೆಯಂಚಲ್ಲೇ ಓಡೋ ಸುಂಡಿಲಿಯನ್ನು ಬಿಟ್ಟುಬಿಡಿ, ಅದರ ಮುಖ್ಯ ಊಟವೇ ಹುಳ, ಜಿರಳೆ. ಇಲಿಗೆ ಮೊದಲು ಸಂದಿ ಮುಚ್ಚಿ, ಬೋನು ಇಡಿ. ಇಲಿ ಪೇಸ್ಟ್ ಬೇಡವೇ ಬೇಡ. ಹಳದಿ ರಂಜಕದ ಪೇಸ್ಟ್ ಹೊಟ್ಟೆಗೆ ಹೋದವರು ಒಂದೆರಡು ದಿನ ಚೆನ್ನಾಗೇ ಇದ್ದಂತೆ ಕಾಣ್ತಾರೆ, ಆಮೇಲೆ ಲಿವರ್ ಕೈಕೊಡುತ್ತೆ.

ದುಬಾರಿ ಅಲ್ವಾ?

"ಹೇಳೋದು ಸುಲಭ ಅಣ್ಣ, ನಮ್ಮೂರ ಅಂಗಡೀಲಿ ಜೆಲ್ ಸಿಗಲ್ಲ, ಚೀಲಕ್ಕೆ ಜಾಸ್ತಿ ದುಡ್ಡು" ಅಂತೀರಿ. ಒಪ್ತೀನಿ. ಹೊಲದ ಬಾಟಲಿ ಕೈಗೆ ಸಿಗುತ್ತೆ, ಅದಕ್ಕೆ ಬೇರೆ ಖರ್ಚಿಲ್ಲ. ಆದ್ರೆ ಮೇಲೆ ಹೇಳಿದ್ದನ್ನು ಮತ್ತೆ ನೋಡಿ. ಒಣಗಿಸೋದು, ಬಿಸಿನೀರು, ಸಂದಿ ಮುಚ್ಚೋದು, ಜಾಲರಿ, ಬೋನು. ಇದರಲ್ಲಿ ಹೆಚ್ಚಿನದಕ್ಕೆ ದುಡ್ಡಿಗಿಂತ ಅರ್ಧ ದಿನದ ಮೈಗೆಲಸ ಬೇಕು. ಆ ಕೆಲಸ ಈವರೆಗೆ ಅಮ್ಮನ ಪಾಲಿಗೆ ಬಿಟ್ಟಿದ್ದೀವಿ. ಬಾಟಲಿ ತರೋದು ಗಂಡಸರು, ಅಡುಗೆಮನೇಲಿ ಅದರ ಗಾಳಿ ಕುಡಿಯೋದು ಹೆಂಗಸರು. ಅಮ್ಮನಿಗೆ ಲೇಬಲ್ ಓದಿ ಹೇಳೋರೂ ಇಲ್ಲ. ನನಗೆ ಬೇಜಾರಾಗೋದು ಇಲ್ಲೇ.

ಕೈಯಲ್ಲಿರೋ ಫೋನ್ ಬಳಸಿ

"ಒಂದೇ ರಾತ್ರಿಗೆ ಜಿರಳೆ ಮಾಯ" ಅನ್ನೋ ವಿಡಿಯೋ ನೋಡೋಕೆ ಫೋನ್ ಬಳಸಬೇಡಿ. ಹುಳವನ್ನು ಬಿಳಿ ಹಾಳೆ ಮೇಲಿಟ್ಟು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೀರಿ. ಹಿಕ್ಕೆ, ಪುಡಿ, ಮಣ್ಣಿನ ಗೆರೆಯದ್ದೂ ಇರಲಿ. ರೈತ ಸಂಪರ್ಕ ಕೇಂದ್ರ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೇಲಿರೋ ಪ್ರತಿ ಬಾಟಲಿಯ ಲೇಬಲ್ ಫೋಟೋ ಕೂಡ ಇಟ್ಕೊಳ್ಳಿ. ಲೇಬಲ್ ಮೇಲಿನ ಗುರುತಿನ ಬಣ್ಣ ನೋಡಿ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದ್ರೆ ವಿಷ ಕಡಿಮೆ ಅಂತ, ವಿಷ ಇಲ್ಲ ಅಂತಲ್ಲ.

ಅಕಸ್ಮಾತ್ ಯಾರಾದ್ರೂ ವಿಷ ಕುಡಿದ್ರೆ, ಉಸಿರಿಗೆ ಹೋದ್ರೆ, ಮೊದಲು ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು, ಹಾಲು ಕುಡಿಸೋದು ಬೇಡ. ಬಾಟಲಿಯ ಅಥವಾ ಲೇಬಲ್‌ನ ಫೋಟೋ ಡಾಕ್ಟರಿಗೆ ತೋರಿಸಿ. ಯಾವ ವಿಷ ಅಂತ ಗೊತ್ತಾದ್ರೆ ಚಿಕಿತ್ಸೆ ಬೇಗ ಶುರುವಾಗುತ್ತೆ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡ್ಕೊಳ್ಳಿ. ಅಟ್ಟ, ಗೂಡು, ಮಂಚದ ಕೆಳಗೆ ಇರೋ ಎಲ್ಲ ಬಾಟಲಿ, ಪೊಟ್ಟಣ ಹೊರಗೆ ತೆಗೀರಿ. ಬೇಕಾದ್ದನ್ನು ಪಂಪ್‌ಸೆಟ್ ಮನೆಯಲ್ಲೋ, ಮಕ್ಕಳು, ದನಕರು ಹೋಗದ ಕಡೆಯೋ ಒಂದು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ. ಬೀಗದ ಕೈ ನಿಮ್ಮ ಜೇಬಲ್ಲಿರಲಿ. ಹಳೇದು, ನಿಷೇಧ ಆದದ್ದನ್ನು ಬಾವಿಗೋ ಕೆರೆಗೋ ಸುರೀಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅವರು ಹೇಳಿದ ಹಾಗೆ ವಿಲೇವಾರಿ ಮಾಡಿ. ಆಮೇಲೆ ಅಮ್ಮನ ಜೊತೆ ಕೂತು ಕಾಳಿನ ಡಬ್ಬಿ ಒಂದೊಂದಾಗಿ ತೆಗೆದು ನೋಡಿ. ಯಾವ ಹುಳ ಅಂತ ಈಗ ನೀವೇ ಹೇಳಬಲ್ಲಿರಿ.

ಮುಂದಿನ ವಾರ ಸಿಗೋಣ.